ಅಪ್ಪನ ಹಾಲಿಗೆ ಆರು ಹನಿ

ನಮ್ಮದು ಹಾಲು ಕುಡಿದು ಬೆಳೆದ ಮನೆತನ ಎಂದು ಅಪ್ಪ ಹೇಳುತ್ತಾರೆ. ಬೀಗರು ಬಂದಾಗ ಹೇಳುತ್ತಾರೆ, ಬಾಡಿಗೆ ಕೇಳಲು ಬಂದವರಿಗೂ ಹೇಳುತ್ತಾರೆ, ಒಮ್ಮೆ ಕರೆಂಟಿನ ಮೀಟರ್ ಓದಲು ಬಂದವನಿಗೂ ಹೇಳಿದ್ದರು. ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ, ದಿನಾ ಸಂಜೆ ಒಂದು ತಂಬಿಗೆ ಎಮ್ಮೆ ಹಾಲು ನಿಂತಲ್ಲೇ ಕುಡಿದು, ಗಾಡಿಯ ನೊಗವನ್ನು ಒಂದೇ ಕೈಯಲ್ಲಿ ಎತ್ತುತ್ತಿದ್ದರಂತೆ. ನಾನು ಸಣ್ಣವಳಿದ್ದಾಗ ಈ ಕಥೆಯಲ್ಲಿ ತಂಬಿಗೆ ಇರಲಿಲ್ಲ, ಗಿಲಾಸು ಇತ್ತು. ಗಿಲಾಸು ತಂಬಿಗೆಯಾಗಲು ಇಪ್ಪತ್ತು ವರ್ಷ ಹಿಡಿಯಿತು. ನಾನು ಬದುಕಿದ್ದರೆ ಅದು ಕೊಡವಾಗುವುದನ್ನೂ ನೋಡುತ್ತೇನೆ. ಮನೆತನದ ಕಥೆಗಳ ಮೇಲೆ ನನಗೆ ಮೊದಲಿನಿಂದಲೂ ಸಂಶಯ. ಅವುಗಳಲ್ಲಿ ಸತ್ತವರೆಲ್ಲ ಬಲಿಷ್ಠರು, ಬದುಕಿರುವವರೆಲ್ಲ ದುರ್ಬಲರು, ಮತ್ತು ಅದಕ್ಕೆ ಕಾರಣ ಯಾವಾಗಲೂ ಹೊರಗಿನಿಂದ ಮನೆಗೆ ಬಂದ ಹೆಂಗಸು.

ಸಂಶಯ ಬಂದರೆ ಸಾಕ್ಷಿ ಕೇಳಬೇಕು. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಬೀದರಿನ ನಮ್ಮ ಮನೆ ಬಿಟ್ಟು ಮನ್ನಳ್ಳಿಯಲ್ಲಿ ಕಾಕಾನ ಜೊತೆ ಇರುತ್ತಾಳೆ. ಹೋಗಿ ಕೇಳಿದೆ. ಆಯಿ ನಕ್ಕು ನಕ್ಕು ಕೆಮ್ಮಿದಳು. "ಹಾಲಾ? ಹಾಲು ಯಾವ ಮಗ ಕುಡೀತಿದ್ದ ನಮ್ಮ ಮನ್ಯಾಗ? ಹಾಲು ಮುಂಜಾನಿನೇ ಬೀದರಕ್ಕ ಹೋಟಲಿಗಿ ಹೋಗ್ತಿತ್ತು. ಉಳದಿದ್ದು ಹೆಪ್ಪು ಹಾಕಿ ಬೆಣ್ಣಿ ತಗದು ಮಾರ್ತಿದ್ವಿ. ನಿಮ್ಮ ಮುತ್ಯಾ ಕುಡದಿದ್ದು ಮಜ್ಜಿಗಿ. ಅದೂ ನೀರ ಮಜ್ಜಿಗಿ." "ಮತ್ತ ನೊಗ ಎತ್ತಿದ್ದು?" "ಎತ್ತಿದ್ದ, ಒಂದ್ಸಲ. ಆಮ್ಯಾಲ ಹದಿನೈದು ದಿನ ಬೆನ್ನಿಗಿ ಎಣ್ಣಿ ನಾ ತಿಕ್ಕೀನಿ." ಈ ಸಾಕ್ಷ್ಯವನ್ನು ಅಪ್ಪನ ಮುಂದಿಟ್ಟಾಗ ಅವರು, "ಅಕಿಗಿ ಈಗ ಅರಳು ಮರಳು" ಎಂದು ಒಂದೇ ಮಾತಿನಲ್ಲಿ ಸಾಕ್ಷಿಯನ್ನು ತಳ್ಳಿಹಾಕಿದರು.

ಅಪ್ಪ ನಿವೃತ್ತ ಗಣಿತದ ಮಾಸ್ತರು. ನನಗೆ ವಾದಿಸಲು ಕಲಿಸಿದವರೂ ಅವರೇ. ಅಂಗಳದ ಕಟ್ಟೆಯ ಮೇಲೆ ನಿಲ್ಲಿಸಿ, ಕೈಯಲ್ಲಿ ಲಟ್ಟಣಿಗೆಯನ್ನೇ ಮೈಕಾಗಿ ಕೊಟ್ಟು, ಒಂದು ವಿಷಯದ ಪರವಾಗಿ ಐದು ನಿಮಿಷ, ಅದೇ ವಿಷಯದ ವಿರುದ್ಧ ಐದು ನಿಮಿಷ ಮಾತಾಡಿಸುತ್ತಿದ್ದರು. ಅವರು ಹೇಳಿಕೊಟ್ಟ ಮುಖ್ಯ ಸೂತ್ರ ಇದು: "ಎದುರಿನವ ತಪ್ಪು ಮಾತಾಡ್ಲಿಕತ್ತಿದ್ರ ನಡುವ ಬಾಯಿ ಹಾಕಬ್ಯಾಡ. ಬರಕೋ. ಪೂರಾ ಮಾತಾಡ್ಲಿ. ಕಡೀಗೆ ಎದ್ದು ನಿಂತು ಒಮ್ಮಿಗೇ ಹೊಡೀ." ಈ ಸೂತ್ರದಿಂದ ನಾನು ಗೆದ್ದ ಕಪ್ಪುಗಳು ಷೋಕೇಸಿನಲ್ಲಿವೆ. ಅವುಗಳಲ್ಲಿ ಒಂದರಲ್ಲಿ ಅವ್ವ ಸೂಜಿ-ದಾರ ಇಡುತ್ತಾಳೆ. ನನಗೆ ಇಪ್ಪತ್ತೆಂಟಾದರೂ ಮದುವೆಯಾಗದೆ ಇರಲು ಆ ಕಪ್ಪುಗಳೇ ಕಾರಣ ಎಂಬುದು ಅವ್ವನ ಸಿದ್ಧಾಂತ. ಭಾಲ್ಕಿಯ ಒಂದು ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿ ನಾನು. ಅತಿಥಿ ಎಂದರೆ ಬರುವಾಗ ಯಾರೂ ನಗುವುದಿಲ್ಲ, ಹೋಗುವಾಗ ಯಾರೂ ಬೀಳ್ಕೊಡುವುದಿಲ್ಲ, ಅಂಥ ಅತಿಥಿ.

ವಿಷಯಕ್ಕೆ ಬರುತ್ತೇನೆ. ಎರಡು ವರ್ಷದ ಹಿಂದೆ ಅಣ್ಣನ ಮದುವೆಯಾಯಿತು. ವೈನಿ ಔರಾದ ಕಡೆಯವರು, ಹೊಲ-ಕುರಿ ಇರುವ ಮನೆ. ನನಗಿಂತ ಒಂದು ವರ್ಷ ಸಣ್ಣವರು, ಆದ್ದರಿಂದ ನನ್ನನ್ನು ಅಕ್ಕಾ ಎನ್ನುತ್ತಾರೆ. ಅಣ್ಣನ ಹೆಂಡತಿಯಾದ್ದರಿಂದ ನಾನು ಅವರನ್ನು ವೈನಿ ಎನ್ನುತ್ತೇನೆ. ಅವರು ಮನೆಗೆ ಬಂದ ವಾರದಲ್ಲೇ ಅಪ್ಪನಿಗೆ ಮುತ್ಯಾನ ತಂಬಿಗೆ ನೆನಪಾಯಿತು. ಸೊಸೆ ಬಂದ ಮೇಲೆ ಮನೆಯ ಹಿರಿಯನಿಗೆ ದಿನಾ ಸಂಜೆ ಸೊಸೆಯ ಕೈಯಿಂದ ಹಾಲು ಬರಬೇಕು, ಅದು ಮನೆತನದ ಪದ್ಧತಿ ಎಂದರು. ಅಲ್ಲಿಯವರೆಗೆ ಅಪ್ಪ ಚಹಾ ಬಿಟ್ಟರೆ ಹಾಲಿನ ಮುಖ ನೋಡಿದ್ದನ್ನು ನಾನು ಕಂಡಿಲ್ಲ. ಈಗ ದಿನಾ ಊಟವಾದ ಮೇಲೆ ದೊಡ್ಡ ಹಿತ್ತಾಳೆ ಗಿಲಾಸಿನಲ್ಲಿ ಕೆನೆ ಸಮೇತ ಎಮ್ಮೆ ಹಾಲು. ಶುಗರ್ ಇರುವುದರಿಂದ ಸಕ್ಕರೆ ಇಲ್ಲ. ವೈನಿ ಸೆರಗು ಹೊದ್ದು ಎರಡೂ ಕೈಯಿಂದ ಗಿಲಾಸು ಕೊಡುವುದು, ಅಪ್ಪ ರಾಜನಂತೆ ತೆಗೆದುಕೊಳ್ಳುವುದು. ಮರುದಿನ ಬೆಳಿಗ್ಗೆ ಅದೇ ರಾಜ ಹೊಟ್ಟೆ ಹಿಡಿದುಕೊಂಡು ಬಚ್ಚಲಮನೆಯ ಕಡೆ ಓಡುವುದು, ನಾನು ಬಸ್ಸಿನ ಹೊತ್ತಾಯಿತೆಂದು ಬಾಗಿಲು ಬಡಿಯುವುದು, ಒಳಗಿನಿಂದ ಘೋಷಣೆ ಬರುವುದು: "ಏನು ಹಾಕ್ತಾಳೋ ಏನೋ ಅಡಿಗ್ಯಾಗ! ಈ ಔರಾದದಾಕಿ ಬಂದಾಗಿಂದ ನನ್ನ ಹೊಟ್ಟಿ ನನ್ನದಿಲ್ಲ!"

ಮೊದಲು ಪಲ್ಯದಲ್ಲಿ ಖಾರ ಹೆಚ್ಚು ಎಂದಾಯಿತು. ವೈನಿ ಖಾರ ಕಡಿಮೆ ಮಾಡಿದರು. ಆಮೇಲೆ ಬೇಳೆ ಬೇಯಿಸುವುದಿಲ್ಲ ಎಂದಾಯಿತು. ಕುಕ್ಕರಿನಲ್ಲಿ ಬೇಳೆ ಗಂಜಿಯಾಗುವವರೆಗೆ ಸೀಟಿ ಹೊಡೆಸಿದರು. ಆಮೇಲೆ ರೊಟ್ಟಿ. ಆಮೇಲೆ ಎಣ್ಣೆ. ಕೊನೆಗೆ ಕೈಗುಣ. ಕೈಗುಣ ಎಂಬ ಆರೋಪ ಇದೆಯಲ್ಲ, ಅದು ವಾದಶಾಸ್ತ್ರದಲ್ಲೇ ಅದ್ಭುತವಾದದ್ದು. ಅದಕ್ಕೆ ಪುರಾವೆ ಬೇಡ, ಅದನ್ನು ಅಲ್ಲಗಳೆಯಲು ದಾರಿಯಿಲ್ಲ. "ಕುರಿ ಹಾಲು ಕುಡದು ಬೆಳದವರಿಗೆ ದೊಡ್ಡವರ ಹೊಟ್ಟಿ ಹ್ಯಾಂಗ ತಿಳೀತದ" ಎಂದು ಅವ್ವ ಅಕ್ಕಪಕ್ಕದವರಿಗೆ ಕೇಳುವಂತೆ ಅನ್ನುತ್ತಿದ್ದಳು. ಅಣ್ಣ ಸಿಮೆಂಟಿನ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಸಿಮೆಂಟಿನ ಹತ್ತಿರವಿದ್ದೂ ಇದ್ದೂ ಅವನ ಬಾಯಿಯೂ ಗಟ್ಟಿಯಾಗಿದೆ, ತೆರೆಯುವುದಿಲ್ಲ. ಕೊನೆಗೊಂದು ದಿನ ಅಪ್ಪ ಅಣ್ಣನಿಗೆ ಫೈಸಲಾ ಹೇಳಿದರು: "ಇನ್ನೊಂದು ತಿಂಗಳು ನೋಡ್ತೇನಿ. ಸುಧಾರಿಸಲಿಲ್ಲಂದ್ರ ಔರಾದಕ್ಕ ಬಿಟ್ಟು ಬಾ. ತಾಯಿ ಕಡಿಂದ ಅಡಗಿ ಕಲತು ಬರಲಿ." ಹಾಗೆ ಬಿಟ್ಟು ಬಂದವರು ಎಷ್ಟು ದಿನಕ್ಕೆ ತಿರುಗಿ ಬರುತ್ತಾರೆ, ಬರುತ್ತಾರೋ ಇಲ್ಲವೋ ಎಂಬುದು ನಮ್ಮ ಓಣಿಯಲ್ಲಿ ಎಲ್ಲರಿಗೂ ಗೊತ್ತು. ವೈನಿಗೂ ಗೊತ್ತಿತ್ತು. ಆ ದಿನದಿಂದ ಅವರು ಉಪ್ಪನ್ನೂ ಚಮಚದಲ್ಲಿ ಎರಡೆರಡು ಸಲ ಅಳೆದು ಹಾಕುವುದನ್ನು ನಾನು ನೋಡಿದೆ.

ನನಗೆ ಸುಳಿವು ಸಿಕ್ಕಿದ್ದು ಎಳ್ಳಮಾಸಿಯ ದಿನ, ಅಂದರೆ ಹೊಲದಲ್ಲೇ ಉಣ್ಣುವ ಎಳ್ಳು ಅಮಾವಾಸ್ಯೆಯಂದು. ಮನ್ನಳ್ಳಿಯ ಹೊಲದಲ್ಲಿ ಎಲ್ಲರೂ ಕೂತೆವು. ಹತ್ತಾರು ಕಾಳು-ತರಕಾರಿ ಹಾಕಿ ಭಜ್ಜಿ ಮಾಡಿದವರು ವೈನಿಯೇ. ಅಪ್ಪ ಸಜ್ಜೆ ರೊಟ್ಟಿಯ ಜೊತೆ ಅದನ್ನು ನಾಲ್ಕು ಸಲ ಹಾಕಿಸಿಕೊಂಡರು. ಮಜ್ಜಿಗೆ ಬೆರೆಸಿದ ಜೋಳದ ಅಂಬಲಿ ಕುಡಿದದ್ದಕ್ಕೆ ಲೆಕ್ಕವೇ ಇಲ್ಲ. ಕತ್ತಲಾಗುವವರೆಗೆ ಹೊಲದಲ್ಲೇ ಇದ್ದುದರಿಂದ ಅಂದು ಹಾಲಿನ ದರ್ಬಾರು ನಡೆಯಲಿಲ್ಲ. ಮರುದಿನ ಬೆಳಿಗ್ಗೆ ಬಚ್ಚಲಮನೆ ಖಾಲಿ! ನಾನು ಬಸ್ಸಿಗೆ ಅರ್ಧ ಗಂಟೆ ಮೊದಲೇ ಹೋಗಿ ನಿಂತಿದ್ದೆ. ಅಪ್ಪ ಇದಕ್ಕೆ ಕಾರಣ ಕೊಟ್ಟರು: "ಹೊಲದ ಗಾಳಿಗಿ ಪಚನ ಆತು." ಅಡುಗೆ ಕೆಟ್ಟರೆ ವೈನಿ, ಪಚನವಾದರೆ ಗಾಳಿ. ಈ ನ್ಯಾಯದಲ್ಲಿ ವೈನಿ ಗೆಲ್ಲುವುದಕ್ಕೆ ಜಾಗವೇ ಇರಲಿಲ್ಲ. ಆದರೆ ನನ್ನ ತಲೆಯಲ್ಲಿ ದೀಪ ಹತ್ತಿತು. ಅಪ್ಪ ಹೇಳುವುದು ಖರೇನೇ, ವೈನಿ ಬಂದಾಗಿನಿಂದಲೇ ಹೊಟ್ಟೆ ಕೆಟ್ಟದ್ದು. ಆದರೆ ವೈನಿಯ ಜೊತೆಗೇ ಮನೆಗೆ ಬಂದದ್ದು ಇನ್ನೊಂದಿದೆ: ಹಿತ್ತಾಳೆ ಗಿಲಾಸಿನ ಹಾಲು.

ಇಲ್ಲಿ ಸ್ವಲ್ಪ ಪಾಠ ಮಾಡುತ್ತೇನೆ, ಬೈದುಕೊಳ್ಳಬೇಡಿ, ಕಾಲೇಜಿನಲ್ಲಿ ಕೇಳುವವರಿಲ್ಲ. ಹಾಲಿನೊಳಗೆ ಲ್ಯಾಕ್ಟೋಸ್ ಎಂಬ ಸಕ್ಕರೆ ಇದೆ. ಅದು ಎರಡು ಸಣ್ಣ ಸಕ್ಕರೆಗಳ ಜೋಡಿ. ಜೋಡಿಯನ್ನು ಬಿಡಿಸದೆ ಕರುಳು ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬಿಡಿಸುವ ಕತ್ತರಿಯ ಹೆಸರು ಬೀಟಾ-ಗ್ಯಾಲಕ್ಟೊಸೈಡೇಸ್. ನಮ್ಮ ಕರುಳಿನ ಗೋಡೆಗೆ ಅಂಟಿಕೊಂಡಿರುವ ಕತ್ತರಿಗೆ ಲ್ಯಾಕ್ಟೇಸ್ ಎನ್ನುತ್ತಾರೆ. ಕೂಸಿದ್ದಾಗ ಎಲ್ಲರಲ್ಲೂ ಸಮೃದ್ಧವಾಗಿರುತ್ತದೆ. ದೊಡ್ಡವರಾದಂತೆ ಬಹಳ ಜನರಲ್ಲಿ ಕಡಿಮೆಯಾಗುತ್ತದೆ. ತಾಯಿಯ ಹಾಲು ಬಿಟ್ಟವನಿಗೆ ಇನ್ನೇಕೆ ಎಂದು ದೇಹ ಅಂಗಡಿ ಮುಚ್ಚುತ್ತದೆ. ಆಮೇಲೆ ಗಿಲಾಸುಗಟ್ಟಲೆ ಹಾಲು ಕುಡಿದರೆ ಕತ್ತರಿಸದ ಸಕ್ಕರೆ ದೊಡ್ಡ ಕರುಳಿಗೆ ಇಳಿದು, ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಜಾತ್ರೆ, ಮಾಲೀಕನಿಗೆ ಗುಡುಗು. ಮಜ್ಜಿಗೆ ಕುಡಿದವನಿಗೆ ಇಷ್ಟು ತೊಂದರೆ ಇರುವುದಿಲ್ಲ, ಯಾಕೆಂದರೆ ಹೆಪ್ಪಿನ ಬ್ಯಾಕ್ಟೀರಿಯಾ ತನ್ನದೇ ಕತ್ತರಿ ತಂದು ಆ ಸಕ್ಕರೆಯಲ್ಲಿ ಒಂದಿಷ್ಟನ್ನು ಮೊದಲೇ ತಿಂದಿರುತ್ತದೆ. ನಮ್ಮ ಮುತ್ಯಾನ ಆರೋಗ್ಯದ ಗುಟ್ಟು ನೀರ ಮಜ್ಜಿಗೆಯಲ್ಲಿತ್ತು, ಮನೆತನದಲ್ಲಲ್ಲ.

ಈ ಕತ್ತರಿ ಎಲ್ಲೆಲ್ಲೋ ಸಿಗುತ್ತದೆ. ಯೀಸ್ಟಿನಲ್ಲಿ, ಬೂಷ್ಟಿನಲ್ಲಿ, ಬಾದಾಮಿಯಲ್ಲಿ ಕೂಡ. ಯೀಸ್ಟು-ಬೂಷ್ಟುಗಳಿಂದ ತೆಗೆದು ಲ್ಯಾಕ್ಟೋಸ್ ಇಲ್ಲದ ಹಾಲು ಮಾಡುತ್ತಾರೆ, ಐಸ್‌ಕ್ರೀಮು ಮರಳು ಮರಳಾಗದಂತೆ ನೋಡಿಕೊಳ್ಳುತ್ತಾರೆ. ಪ್ರಯೋಗಾಲಯದಲ್ಲಿ ನಾವು ಬ್ಯಾಕ್ಟೀರಿಯಾ ಈ ಕತ್ತರಿ ತಯಾರಿಸುತ್ತಿದೆಯೋ ಇಲ್ಲವೋ ಎಂದು ನೀಲಿ ಬಣ್ಣ ಬರಿಸಿ ಪತ್ತೆ ಹಚ್ಚುತ್ತೇವೆ. ಎಂಎಸ್ಸಿಯಲ್ಲಿ ಆ ನೀಲಿ ಚುಕ್ಕೆಗಳನ್ನು ನೋಡಿ, ಮನುಷ್ಯರಲ್ಲೂ ಸುಳ್ಳು ಹೇಳುವವರು ಹೀಗೆ ನೀಲಿಯಾಗಿದ್ದರೆ ಎಂದುಕೊಂಡಿದ್ದೆ. ನನಗೆ ಹೆಚ್ಚು ಇಷ್ಟವಾದದ್ದು ಅದರ ರಚನೆ. ಕರುಳಿನ ಒಂದು ಬ್ಯಾಕ್ಟೀರಿಯಾದಲ್ಲಿ ಅದು ಒಂದೇ ತೆರನಾದ ನಾಲ್ಕು ಸರಪಳಿಗಳ ಕಟ್ಟು, ಒಂದೊಂದಕ್ಕೂ ಸಾವಿರ ಚಿಲ್ಲರೆ ಕೊಂಡಿ. ಪ್ರತಿಯೊಂದಕ್ಕೂ ತನ್ನದೇ ಕತ್ತರಿಸುವ ಮೂಲೆ ಇದೆ. ಆದರೆ ಯಾವ ಮೂಲೆಯೂ ತಾನಾಗಿ ಪೂರ್ತಿಯಲ್ಲ. ಪಕ್ಕದ ಸರಪಳಿ ತನ್ನದೊಂದು ಮಡಿಕೆಯನ್ನು ಅದರೊಳಗೆ ಚಾಚಬೇಕು. ನಾಲ್ಕೂ ಕೈಜೋಡಿಸಿದರೆ ಮಾತ್ರ ಕತ್ತರಿ ನಡೆಯುತ್ತದೆ. ಇದನ್ನು ಮಕ್ಕಳಿಗೆ ಹೇಳುವಾಗ, ನೋಡಿ, ಕೂಡು ಕುಟುಂಬ ಎಂದರೆ ಹೀಗಿರಬೇಕು ಎಂದು ಭಾಷಣ ಬಿಗಿಯುತ್ತಿದ್ದೆ. ಆಗ ನನಗೆ ಬುದ್ಧಿ ಕಡಿಮೆ ಇತ್ತು.

ಸಂಜೆ ಔಷಧದಂಗಡಿಗೆ ಹೋಗಿ ಲ್ಯಾಕ್ಟೇಸ್ ಹನಿ ಕೇಳಿದೆ. ಕೂಸುಗಳ ಹೊಟ್ಟೆನೋವಿಗೆ ಕೊಡುವ ಸಣ್ಣ ಬಾಟಲಿ. ಅಂಗಡಿಯವ, "ಕೂಸಿಗಿ ಎಷ್ಟು ತಿಂಗಳ್ರಿ?" ಎಂದ. "ಅರವತ್ತೇಳು ವರ್ಷ" ಎಂದೆ. ಅವನು ಬಾಟಲಿಯನ್ನು ಅರ್ಧ ಹಿಂದಕ್ಕೆಳೆದುಕೊಂಡು, "ಭಾಳ ರಚ್ಚಿ ಹಿಡೀತದೇನ್ರಿ?" ಎಂದು ಕೇಳಿದ. ಹೌದು ಎಂದೆ.

ಅಪ್ಪನಿಗೆ ನೇರವಾಗಿ ಹೇಳಬಹುದಿತ್ತು. ಹೇಳಿದ್ದರೆ ಅವರು ನಂಬುತ್ತಿರಲಿಲ್ಲ. ಪುರಾವೆ ಇಲ್ಲದೆ ಏನನ್ನೂ ನಂಬಬಾರದು ಎಂದು ನನ್ನನ್ನು ಬೆಳೆಸಿದವರೇ ಅವರು. ಪ್ರಯೋಗವೇ ಆಗಬೇಕು ಎಂದುಕೊಂಡೆ. ಹೇಳದೆ ಕೇಳದೆ ತಂದೆಯ ಹಾಲಿಗೆ ಏನನ್ನಾದರೂ ಬೆರೆಸುವುದು ಸರಿಯಲ್ಲ, ಒಪ್ಪುತ್ತೇನೆ. ಆದರೆ ಆಗ ನಾನು ಸರಿಯಾಗಿರುವುದಕ್ಕಿಂತ ಗೆಲ್ಲುವುದರಲ್ಲಿ ಮುಳುಗಿದ್ದೆ. ಹನ್ನೆರಡು ಚೀಟಿ ಮಾಡಿದೆ: ಆರರಲ್ಲಿ 'ಹನಿ', ಆರರಲ್ಲಿ 'ಬರಿ'. ದಿನಾ ಬೆಳಿಗ್ಗೆ ಒಂದು ಚೀಟಿ ಎತ್ತುವುದು. 'ಹನಿ' ಬಂದರೆ ಕಾಯಿಸಿ ಆರಿಸಿದ ಅಪ್ಪನ ಹಾಲಿನ ಡಬರಿಗೆ ಆರು ಹನಿ ಹಾಕಿ ಫ್ರಿಜ್ಜಿನಲ್ಲಿಟ್ಟು ಭಾಲ್ಕಿಗೆ ಹೋಗುವುದು. ಸಂಜೆಯೊಳಗೆ ಕತ್ತರಿ ತನ್ನ ಕೆಲಸ ಮುಗಿಸಿರುತ್ತದೆ. ಕುಡಿಯುವ ಅಪ್ಪನಿಗೂ ಗೊತ್ತಿಲ್ಲ, ಬಿಸಿ ಮಾಡಿ ಕೊಡುವ ವೈನಿಗೂ ಗೊತ್ತಿಲ್ಲ. ಮರುದಿನ ಹೊಟ್ಟೆಯ ಸಮಾಚಾರವನ್ನು ನೋಟ್‌ಬುಕ್ಕಿನಲ್ಲಿ ಬರೆಯುವುದು. ವೈನಿಗೆ ಹೇಳಿದರೆ ಅವರ ಮುಖದಿಂದ ಅಪ್ಪನಿಗೆ ಗೊತ್ತಾಗಿಬಿಡುತ್ತದೆ, ಪ್ರಯೋಗ ಕೆಡುತ್ತದೆ. ಇಂಥದ್ದನ್ನೆಲ್ಲ ನಾವು ಚೆನ್ನಾಗಿ ಕಲಿತಿರುತ್ತೇವೆ.

ಮೊದಲ ದಿನ 'ಬರಿ': ಗುಡುಗು. ಎರಡನೆಯ ದಿನ 'ಹನಿ': ಶಾಂತ. ನನ್ನ ಎದೆ ಹಿಗ್ಗಿತು. ಅಂದು ಹಾಲು ಕುಡಿದ ಅಪ್ಪ, "ಇವತ್ತ ಹಾಲು ಛಲೋ ಅದಲಾ" ಎಂದಿದ್ದರು. ವೈನಿಯ ಮುಖದಲ್ಲಿ ಎರಡು ವರ್ಷದಲ್ಲಿ ಮೊದಲ ಸಲ ಒಂದು ನಗೆ ಬಂದು ಹೋಯಿತು. ನಾಲ್ಕನೆಯ ದಿನ ಮತ್ತೆ 'ಹನಿ'. ಅಪ್ಪ ಗಿಲಾಸನ್ನು ಅರ್ಧಕ್ಕೆ ನಿಲ್ಲಿಸಿ ನಾಲಿಗೆ ಚಪ್ಪರಿಸಿದರು. ಏಳನೆಯ ದಿನ ಮೂರನೆಯ 'ಹನಿ'. ಅಪ್ಪ ಒಂದು ಗುಟುಕು ಕುಡಿದು ಗಿಲಾಸನ್ನು ನೆಲಕ್ಕೆ ಕುಕ್ಕಿದರು.

"ಇದ್ರಾಗ ಸಕ್ಕರಿ ಹಾಕೀದಿ."

ಹಾಕಿಲ್ಲ ಎಂದರು ವೈನಿ.

"ನನ್ನ ನಾಲಿಗಿ ಸುಳ್ಳು ಹೇಳ್ತದೇನು? ಶುಗರ್ ಅದ ಅಂತ ಗೊತ್ತಿದ್ದೂ ಸಕ್ಕರಿ ಹಾಕ್ತಿ? ನನಗ ಕೊಲ್ಲಬೇಕಂತ ಮಾಡೀಯೇನು?"

"ಇಲ್ರೀ ಮಾಮಾ, ನಿಮ್ಮ ಪಾದದಾಣಿ, ಸಕ್ಕರಿ ಡಬ್ಬಿ ನಾ ಮುಟ್ಟೇ ಇಲ್ರಿ."

"ಮತ್ತ ಹಾಲು ತಾನೇ ಸಿಹಿ ಆತೇನು?"

ಆಗಿತ್ತು. ಹಾಲು ತಾನೇ ಸಿಹಿಯಾಗಿತ್ತು. ಲ್ಯಾಕ್ಟೋಸ್ ಮಂದ ಸಿಹಿ. ಅದನ್ನು ಒಡೆದರೆ ಸಿಗುವ ಎರಡು ಸಕ್ಕರೆಗಳು ಅದಕ್ಕಿಂತ ಹೆಚ್ಚು ಸಿಹಿ. ಹೊಸದಾಗಿ ಒಂದು ಕಾಳು ಸಕ್ಕರೆ ಸೇರಿರುವುದಿಲ್ಲ, ಒಳಗಿದ್ದದ್ದೇ ಬಿಡಿಯಾಗಿ ನಾಲಿಗೆಗೆ ತಿಳಿಯುತ್ತದೆ. ಎರಡನೇ ವರ್ಷದ ಮಕ್ಕಳಿಗೆ ಇದನ್ನು ನಾನೇ ಕಪ್ಪುಹಲಗೆಯ ಮೇಲೆ ಬರೆದು ಎರಡು ಗೆರೆ ಎಳೆದು ಹೇಳಿಕೊಡುತ್ತೇನೆ. ಹಲಗೆಯ ಮೇಲೆ ಗೊತ್ತಿದ್ದದ್ದು ನಮ್ಮ ಅಡುಗೆಮನೆಯಲ್ಲಿ ನನಗೆ ಹೊಳೆದಿರಲಿಲ್ಲ. ಅಪ್ಪನ ಮಾತಿಗೆ ಉತ್ತರ ಆ ಕೋಣೆಯಲ್ಲಿ ನನ್ನೊಬ್ಬಳ ಹತ್ತಿರವೇ ಇತ್ತು. ನಾನು ಮೂಲೆಯ ಕುರ್ಚಿಯಲ್ಲಿ ಕೂತಿದ್ದೆ. ಬಾಯಿ ತೆರೆದೆ ಕೂಡ. ಆಗ ಕಟ್ಟೆಯ ಮೇಲೆ ಲಟ್ಟಣಿಗೆ ಹಿಡಿದು ಕಲಿತ ಪಾಠ ಒಳಗಿನಿಂದ ಹೇಳಿತು: ನಡುವೆ ಬಾಯಿ ಹಾಕಬೇಡ. ಇನ್ನು ಐದು ಚೀಟಿ ಉಳಿದಿವೆ. ಏಳು ದಿನದ ಲೆಕ್ಕವನ್ನು ಅಪ್ಪ ಎರಡು ನಿಮಿಷದಲ್ಲಿ ಹರಿದು ಹಾಕುತ್ತಾರೆ. ಪೂರ್ತಿಯಾಗಲಿ, ಕೊನೆಗೆ ಒಮ್ಮೆಲೇ ಹೊಡಿ. ಬಾಯಿ ಮುಚ್ಚಿದೆ. ಕೋಣೆಗೆ ಹೋಗಿ ನೋಟ್‌ಬುಕ್ಕಿನಲ್ಲಿ ಬರೆದೆ.

ಹತ್ತನೆಯ ದಿನ ಬೆಳಿಗ್ಗೆ ನಾನು ಚೀಟಿ ಎತ್ತಲಿಲ್ಲ. ಹಿಂದಿನ ಸಂಜೆಯೂ ಹಾಲು ಸಿಹಿಯಾಗಿ ಮನೆಯಲ್ಲಿ ಕೂಗಾಟವಾಗಿತ್ತು. ಇವತ್ತು ಬಂದು ಹೇಳಿಬಿಡೋಣ, ಹನ್ನೆರಡರ ಬದಲು ಒಂಬತ್ತೇ ಸಾಕು ಎಂದು ಯೋಚಿಸುತ್ತಲೇ ಬಸ್ ಹತ್ತಿದೆ. ಅಂದು ಕಾಲೇಜಿನಲ್ಲಿ ಚರ್ಚಾಸ್ಪರ್ಧೆ, ನಾನು ತೀರ್ಪುಗಾರ್ತಿ. ವಿಷಯ: ಸತ್ಯ ಹೇಳಲು ಸಮಯ ನೋಡಬೇಕೆ? ನೋಡಬೇಕು ಎಂದು ವಾದಿಸಿದ ಹುಡುಗಿಗೆ ಮೊದಲ ಬಹುಮಾನ ಕೊಟ್ಟೆ. ಅವಳ ವಾದದಲ್ಲಿ ದಮ್ಮಿತ್ತು. ಸಂಜೆ ಮನೆಗೆ ಬಂದರೆ ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅಣ್ಣ ಮಧ್ಯಾಹ್ನದ ಬಸ್ಸಿಗೆ ವೈನಿಯನ್ನು ಔರಾದಕ್ಕೆ ಬಿಟ್ಟು ಬಂದು, ಅಂಗಳದಲ್ಲಿ ಮೊಬೈಲು ನೋಡುತ್ತಿದ್ದ. ನಾಲ್ಕು ಸರಪಳಿಯ ಕತ್ತರಿ ನೆನಪಾಯಿತು. ಅಪ್ಪ ಬೈದರು, ಅವ್ವ ಹೂಂಗುಟ್ಟಿದಳು, ಅಣ್ಣ ಚೀಲ ಹೊತ್ತ, ನಾನು ಬರೆದುಕೊಂಡೆ. ನಾಲ್ವರಲ್ಲಿ ಒಬ್ಬರು ಕೈ ಹಿಂದಕ್ಕೆಳೆದಿದ್ದರೂ ಕತ್ತರಿ ನಡೆಯುತ್ತಿರಲಿಲ್ಲ.

ಆಮೇಲೆ ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಹೋದವರು ಹೋದರು, ಇನ್ನು ಪ್ರಯೋಗವಾದರೂ ಪೂರ್ತಿಯಾಗಲಿ ಎಂದು ಉಳಿದ ಮೂರು ಚೀಟಿಗಳನ್ನೂ ಮುಗಿಸಿದೆ. ಈಗ ಗಿಲಾಸು ಕೊಡುತ್ತಿದ್ದವಳು ಅವ್ವ. 'ಹನಿ'ಯ ದಿನ ಹಾಲು ಸಿಹಿಯಾಯಿತು. ಅಪ್ಪ ಚಪ್ಪರಿಸಿ, "ನಿನ್ನ ಕೈಯಾಗಿನ ಹಾಲೇ ಹಂಗ ನೋಡು, ಸಕ್ಕರಿನೇ ಬ್ಯಾಡ" ಎಂದರು. ಅವ್ವ ಮದುಮಗಳಂತೆ ನಾಚಿದಳು. 'ಬರಿ'ಯ ದಿನ ಹೊಟ್ಟೆ ಗುಡುಗಿತು. "ಔರಾದದಾಕಿ ಮಾಡಿಟ್ಟ ಉಪ್ಪಿನಕಾಯಿ ಇನ್ನಾ ಮನ್ಯಾಗದಲಾ, ಅದರದೇ ಕಾಟ" ಎಂದು ಬಚ್ಚಲಮನೆಯಿಂದ ತೀರ್ಪು ಬಂತು.

ಹದಿನಾಲ್ಕನೆಯ ದಿನ, ಭಾನುವಾರ, ಎಲ್ಲರನ್ನೂ ಕೂಡಿಸಿ ಎದ್ದು ನಿಂತೆ. ಬಾಟಲಿ ಇಟ್ಟೆ, ಚೀಟಿ ಇಟ್ಟೆ, ಕೋಷ್ಟಕ ಇಟ್ಟೆ. ಆರು 'ಹನಿ', ಆರೂ ಶಾಂತ. ಆರು 'ಬರಿ', ಐದು ಗುಡುಗು. ನನ್ನ ಜೀವನದಲ್ಲೇ ಅಂಥ ಭಾಷಣ ಮಾಡಿಲ್ಲ. ಅಪ್ಪ ಕನ್ನಡಕ ಹಾಕಿಕೊಂಡು ಕೋಷ್ಟಕವನ್ನು ಸಾಲು ಸಾಲಾಗಿ ಓದಿದರು. ಕೇಳದೆ ಹಾಲಿಗೆ ಹನಿ ಹಾಕಿದ್ದಕ್ಕೆ ಬೈಯಬಹುದೆಂದುಕೊಂಡಿದ್ದೆ. ಅವರು ಗಣಿತದ ಮಾಸ್ತರು. "ಬರೋಬರಿ ಅದ" ಎಂದರು. "ಪೋರಿ, ಛಲೋ ಮಾಡೀದಿ. ಹಿಂಗಿದ್ದರ ದಿನಾ ಹಾಕು ಹನಿ."

"ಮತ್ತ ವೈನಿ, ಅಪ್ಪಾ?"

"ಬರಲಿ. ಬ್ಯಾಡ ಅಂದವರ್ಯಾರು? ತಾನೇ ಹೋಗ್ಯಾಳ."

ಅಣ್ಣ ಮೊಬೈಲಿನಿಂದ ತಲೆ ಎತ್ತಿದ, ಮತ್ತೆ ಇಳಿಸಿದ. ಚರ್ಚೆ ಮುಗಿಯಿತು. ಗೆದ್ದೆ.

ಮುಂದಿನ ಭಾನುವಾರ ನಾನೇ ಔರಾದಕ್ಕೆ ಹೋದೆ. ಅಂಗಳದಲ್ಲಿ ಕುರಿಮರಿಗಳು. ವೈನಿಯ ತಾಯಿ ಚಾಪೆ ಹಾಸಿ ಒಳಗೆ ಹೋದರು. ವೈನಿ ಒಂದು ಚರಿಗೆ ಮಜ್ಜಿಗೆ ತಂದು ಮುಂದಿಟ್ಟು, "ಕುಡೀರಿ ಅಕ್ಕಾ, ಬಿಸಲಾಗ ಬಂದೀರಿ" ಎಂದರು. ನಾನು ಚೀಲದಿಂದ ನೋಟ್‌ಬುಕ್ಕು ತೆಗೆದೆ. ನಿಮ್ಮ ತಪ್ಪು ಒಂದಿಷ್ಟೂ ಇರಲಿಲ್ಲ ವೈನಿ, ಸಾಬೀತಾಗಿದೆ, ಅಪ್ಪನೇ ಬರೋಬರಿ ಅಂದಿದ್ದಾರೆ ಎಂದು ಹಾಲು, ಲ್ಯಾಕ್ಟೋಸ್, ಕತ್ತರಿ, ಹನಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಅವರು ನೋಟ್‌ಬುಕ್ಕನ್ನು ಕೈಗೆ ತೆಗೆದುಕೊಂಡರು. ಬೆರಳಿಟ್ಟು ಒಂದೊಂದೇ ಸಾಲು ಓದುತ್ತ ಹೋದರು. ಏಳನೆಯ ಸಾಲಿನ ಮೇಲೆ ಬೆರಳು ನಿಂತಿತು. ಅಲ್ಲಿ ನನ್ನ ದುಂಡನೆಯ ಅಕ್ಷರದಲ್ಲಿ ಇಷ್ಟು ಬರೆದಿತ್ತು: 'ಹನಿ. ಹಾಲು ಸಿಹಿ ಎಂದು ತಕರಾರು. ವೈನಿ ಅತ್ತರು. ಹೊಟ್ಟೆ ಶಾಂತ.'

ವೈನಿ ನೋಟ್‌ಬುಕ್ಕು ಮುಚ್ಚಲಿಲ್ಲ. ಬೆರಳನ್ನೂ ತೆಗೆಯಲಿಲ್ಲ. ನನ್ನ ಮುಖ ನೋಡಿ, ಬೈಗುಳದ ಧ್ವನಿಯಲ್ಲಲ್ಲ, ನಿಜವಾಗಿ ಗೊತ್ತಿಲ್ಲದ್ದನ್ನು ತಿಳಿದವರ ಹತ್ತಿರ ಕೇಳುವಂತೆ ಕೇಳಿದರು:

"ಅಕ್ಕಾ, ಅವತ್ತ ನೀವು ಅಲ್ಲೇ ಕುರ್ಚಿ ಮ್ಯಾಲ ಕುಂತಿದ್ರಿ. ಹನಿ ಹಾಕಿದವರೂ ನೀವೇ. ನಾ ಅತ್ತಿದ್ದು ಸುದ್ದಾ ಬರಕೊಂಡೀರಿ. ಒಂದು ಮಾತು ಯಾಕ ಆಡಲಿಲ್ರಿ?"